ಕಾರ್ನ್‌ವಾಲಿಸ್ ಮನೆತನದ ‘ಟೈಟಲ್’: ಬಿರುದೋ, ಪಟ್ಟವೋ?

ಗೆಳೆಯರೇ,

1791ರಲ್ಲಿ ಬೆಂಗಳೂರು ಕೋಟೆ ಹಿಡಿದ ಕಾರ್ನ್‌ವಾಲಿಸ್ ನಮಗೆಲ್ಲ ಗೊತ್ತು. ಅವನ ಮನೆತನದ ಬಗ್ಗೆ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ‘ಟೈಟಲ್’. ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ‘ಬಿರುದು’ ಅಂತ ಬರೆಯುತ್ತಾರೆ. ನನಗೆ ಅದು ಒಗ್ಗುವುದಿಲ್ಲ. ಮೈಸೂರು ಮಹಾರಾಜರು ಬಿ. ಎಂ. ಶ್ರೀಕಂಠಯ್ಯನವರಿಗೆ ‘ರಾಜಸೇವಾಸಕ್ತ’ ಅಂತ ಕೊಟ್ಟರಲ್ಲ, ಅದು ಬಿರುದು. ಅವರಿಗೆ ಬಂತು, ಅವರೊಂದಿಗೇ ಮುಗಿಯಿತು. ಮಕ್ಕಳಿಗೆ ಹೋಗುವಂಥದ್ದಲ್ಲ. ‘ಪದವಿ’ ಅಂದರೆ ಈಗ ಎಲ್ಲರಿಗೂ ಬಿ.ಎ., ಎಂ.ಎ. ನೆನಪಾಗುತ್ತದೆ. ಅಪ್ಪನಿಂದ ಮಗನಿಗೆ ಇಳಿದು ಬರುವುದಕ್ಕೆ ನಮ್ಮಲ್ಲಿರುವ ಮಾತು ‘ಪಟ್ಟ’. ಹಾಗಾಗಿ ‘ಅರ್ಲ್ ಪಟ್ಟ’ ಅಂತ ಬರೆದಿದ್ದೇನೆ. ಅರ್ಲ್ ಅಂದರೆ ಇಂಗ್ಲೆಂಡಿನ ದೊಡ್ಡ ಮನೆತನಗಳ ಒಂದು ದರ್ಜೆ; ವೈಕೌಂಟ್ ಅದಕ್ಕಿಂತ ಕೆಳಗಿನದು, ಮಾರ್ಕ್ವೆಸ್ ಮೇಲಿನದು. ರಾಜ್ಯವೇ ಇಲ್ಲದವನಿಗೆ ಪಟ್ಟ ಎಲ್ಲಿಂದ ಬಂತು ಅನ್ನಿಸುತ್ತದಾ ನಿಮಗೆ?

ಎರಡನೆಯದು ಇನ್ನೂ ತೊಡಕಿನದು. ಕಾರ್ನ್‌ವಾಲಿಸ್‌ನ ಅಪ್ಪ 1753ರಲ್ಲಿ ಅರ್ಲ್ ಆದ. ಆಗಿನಿಂದ ಹಿರಿಮಗನನ್ನು ಎಲ್ಲರೂ ‘ವೈಕೌಂಟ್ ಬ್ರೋಮ್’ ಅಂತ ಕರೆಯತೊಡಗಿದರು. ಬ್ರೋಮ್ ಅನ್ನುವುದು ಸಫೋಕ್‌ನಲ್ಲಿರುವ ಅವರ ಊರು. ಕಾನೂನಿನ ಲೆಕ್ಕದಲ್ಲಿ ಆ ವೈಕೌಂಟ್ ಪಟ್ಟವೂ ಅಪ್ಪನದೇ, ಮಗನಿಗೆ ಬರೀ ಕರೆಯುವ ಹೆಸರು. ಆದ್ದರಿಂದಲೇ 1760ರಲ್ಲಿ ಅವನು ಚುನಾಯಿತರು ಕೂರುವ ಕಾಮನ್ಸ್ ಸಭೆಗೆ ಹೋಗಲು ಅಡ್ಡಿಯಾಗಲಿಲ್ಲ. 1762ರಲ್ಲಿ ಅಪ್ಪ ತೀರಿಕೊಂಡ ಮೇಲೆ ಮಗ ನಿಜವಾಗಿಯೂ ಅರ್ಲ್ ಆದ, ಕಾಮನ್ಸ್ ಬಿಟ್ಟು ಪಟ್ಟವಿದ್ದವರು ಕೂರುವ ಲಾರ್ಡ್ಸ್ ಸಭೆಗೆ ಹೋದ. ಇಂಥ ಹೆಸರಿಗೆ (ಇಂಗ್ಲಿಷಿನಲ್ಲಿ ‘ಕರ್ಟಸಿ ಟೈಟಲ್’) ‘ಮರ್ಯಾದೆಯ ಪಟ್ಟ’ ಅನ್ನಬಹುದಾ? ‘ಗೌರವ ಪಟ್ಟ’ ಅಂದರೆ ಗೌರವ ಡಾಕ್ಟರೇಟಿನ ಹಾಗೆ ಕೇಳಿಸುತ್ತದೆ, ಬೇಡ.

ಇನ್ನು ವಾರಸುದಾರರ ವಿಷಯ. ಟಿಪ್ಪುವಿನ ಜೊತೆ ಶ್ರೀರಂಗಪಟ್ಟಣದ ಒಪ್ಪಂದವಾದ 1792ರಲ್ಲೇ ಕಾರ್ನ್‌ವಾಲಿಸ್‌ಗೆ ಮಾರ್ಕ್ವೆಸ್ ಪಟ್ಟವೂ ಬಂತು. 1805ರಲ್ಲಿ ಗಾಜೀಪುರದಲ್ಲಿ ಅವನು ಸತ್ತಾಗ ಎರಡು ಪಟ್ಟಗಳೂ ಒಬ್ಬನೇ ಮಗನಿಗೆ ಹೋದವು. ಆ ಮಗನಿಗೆ ಐದು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. 1823ರಲ್ಲಿ ಅವನೂ ಹೋದ. ಮಾರ್ಕ್ವೆಸ್ ಪಟ್ಟ ಕೊಟ್ಟಿದ್ದು ಕಾರ್ನ್‌ವಾಲಿಸ್‌ಗೆ, ಅವನ ಗಂಡುಸಂತಾನಕ್ಕೆ. ಅದು ಅಲ್ಲಿಗೇ ನಿಂತಿತು. ಅರ್ಲ್ ಪಟ್ಟ ಕೊಟ್ಟಿದ್ದು ಕಾರ್ನ್‌ವಾಲಿಸ್‌ನ ಅಪ್ಪನಿಗೆ, ಅವನ ಗಂಡುಸಂತಾನಕ್ಕೆ. ಹಾಗಾಗಿ ಅದು ಕಾರ್ನ್‌ವಾಲಿಸ್‌ನ ತಮ್ಮ ಜೇಮ್ಸ್‌ಗೆ ಬಂತು. ಲಿಚ್‌ಫೀಲ್ಡ್‌ನ ಬಿಷಪ್ ಅವನು, ಆಗ ಎಂಬತ್ತರ ಮುದುಕ. 1824ರ ಜನವರಿಯಲ್ಲೇ ತೀರಿಕೊಂಡ. ಅವನ ಮಗ 1852ರಲ್ಲಿ ಸತ್ತ ಮೇಲೆ ಅರ್ಲ್ ಪಟ್ಟವೂ ಇಲ್ಲವಾಯಿತು.

ಅಣ್ಣನ ಮಗ ಬದುಕಿರುವವರೆಗೂ ಜೇಮ್ಸ್‌ನ ಹಕ್ಕು ಗಟ್ಟಿಯಿರಲಿಲ್ಲ, ಗಮನಿಸಿ. ಆ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿದ್ದರೆ ಮುಗಿಯಿತು. ಅರ್ಲ್‌ನ ಹಿರಿಮಗನಿಗೆ ಆ ಭಯವಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿದೆ: ಹಿರಿಮಗ ‘ಏರ್ ಅಪೇರೆಂಟ್’, ಜೇಮ್ಸ್‌ನಂಥವನು ‘ಏರ್ ಪ್ರಿಸಂಪ್ಟಿವ್’. ನಮ್ಮಲ್ಲಿ ಎರಡೂ ‘ಉತ್ತರಾಧಿಕಾರಿ’. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ, ತಮ್ಮ ಕಂಠೀರವ ನರಸಿಂಹರಾಜ ಒಡೆಯರು ಯುವರಾಜರಾಗಿದ್ದರು. ಅಲ್ಲೂ ‘ಯುವರಾಜ’ ಅನ್ನುವ ಒಂದೇ ಮಾತು ಸಾಕಾಯಿತು. ಹಿರಿಮಗನಿಗೆ ‘ಖಾಯಂ ವಾರಸುದಾರ’, ಜೇಮ್ಸ್‌ನಂಥವರಿಗೆ ‘ಸದ್ಯದ ವಾರಸುದಾರ’ ಅಂತ ಇಟ್ಟಿದ್ದೇನೆ. ಇದಕ್ಕಿಂತ ಹಳೆಯ, ಬಳಕೆಯಲ್ಲಿರುವ ಮಾತು ಯಾರಿಗಾದರೂ ಗೊತ್ತಾ? ಕೋರ್ಟು ಕಾಗದಪತ್ರ ನೋಡುವವರು ದಯವಿಟ್ಟು ಹೇಳಿ.

‘ಎಸ್ಟೇಟ್’ ಅಂತಂತೂ ಬರೆಯಲಾರೆ, ಚಿಕ್ಕಮಗಳೂರಿನವರು ಕಾಫಿ ತೋಟ ಅಂದುಕೊಳ್ಳುತ್ತಾರೆ. ‘ಜಹಗೀರು’ ಅಂದರೆ ದೊರೆ ಕೊಟ್ಟ ಭೂಮಿ ಅನ್ನುವ ಅರ್ಥ ಬಂದುಬಿಡುತ್ತದೆ. ಇಲ್ಲಿ ಪಟ್ಟದ ದಾರಿಯೇ ಬೇರೆ, ಭೂಮಿಯ ದಾರಿಯೇ ಬೇರೆ. ಹೆಣ್ಣುಮಕ್ಕಳಿಗೆ ಆಸ್ತಿ ಬರಬಹುದು, ಪಟ್ಟ ಬಾರದು. ಸುಮ್ನೆ ‘ಮನೆತನದ ಜಮೀನು’ ಅಂದರೆ ಸಾಕು ಅನ್ನಿಸುತ್ತದೆ.

ಕೊನೆಯದಾಗಿ, ಪಟ್ಟ ಇಲ್ಲವಾಗುವುದಕ್ಕೆ ಏನು ಹೇಳುತ್ತೀರಿ? ‘ನಿರ್ವಂಶ’ ತಪ್ಪು, ಐದು ಹೆಣ್ಣುಮಕ್ಕಳಿದ್ದರಲ್ಲ. ‘ಕಳೆದುಕೊಂಡರು’ ಅಂದರೆ ದೊರೆ ಕಿತ್ತುಕೊಂಡ ಹಾಗೆ ಆಗುತ್ತದೆ. ಸದ್ಯಕ್ಕೆ ‘ಪಟ್ಟ ನಿಂತುಹೋಯಿತು’ ಅಂತ ಬರೆದಿದ್ದೇನೆ. ಇದು ಸರಿಯಾ?