ಹೆಡ್‌ಲೈಟ್ ಒಳಗೆ ನೀರು: ಒಣಗಿಸೋ ಮುಂಚೆ ದಾರಿ ಹುಡುಕಿ

ಪ್ರಶ್ನೆ (ಹೊಸನಗರದಿಂದ): ಅಣ್ಣ, ನಮಸ್ಕಾರ. ನಮ್ಮದು ಹಳೇ ಕಾರು, ಮಾಮೂಲಿ ಹ್ಯಾಲೊಜನ್ ಬಲ್ಬ್. ಆರಿದ್ರಾ ಮಳೆ ಹಿಡಿದಾಗಿನಿಂದ ಎಡಗಡೆ ಹೆಡ್‌ಲೈಟ್ ಒಳಗೆ ಮಂಜು ಕಟ್ಟತ್ತೆ. ಮೊದಮೊದಲು ಲೈಟ್ ಹಾಕಿದ್ರೆ ಹೋಗ್ತಿತ್ತು. ಈಗ ಕೆಳಗಡೆ ನೀರೇ ನಿಂತಿದೆ, ಬ್ರೇಕ್ ಹಾಕಿದ್ರೆ ಅಲ್ಲಾಡತ್ತೆ. ರಾತ್ರಿ ಹುಲಿಕಲ್ ಘಾಟಿ ಇಳಿಯೋವಾಗ ರಸ್ತೆ ಅಂಚೇ ಕಾಣಲ್ಲ. ಗ್ಯಾರೇಜಲ್ಲಿ ಇಡೀ ಲೈಟ್ ಬದಲಾಯಿಸಿ ಅಂದ್ರು. ಪಕ್ಕದ ಮನೆಯವರು ಕೆಳಗೊಂದು ತೂತು ಹೊಡೀರಿ, ನೀರು ಇಳಿದುಹೋಗತ್ತೆ ಅಂತಾರೆ. ಏನು ಮಾಡ್ಲಿ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಶಿವಮೊಗ್ಗ): ತೂತು ಮಾತ್ರ ಹೊಡೀಬೇಡಿ. ನೀರು ಇಳಿಯೋ ತೂತಲ್ಲೇ ಚಕ್ರ ಎರಚಿದ ಕೆಸರು ನೀರೂ ಒಳಗೆ ಬರತ್ತೆ.

ಹೆಡ್‌ಲೈಟ್ ಅಂದ್ರೆ ಪೂರ್ತಿ ಮುಚ್ಚಿದ ಡಬ್ಬಿ ಅಲ್ಲ. ಲೈಟ್ ಉರಿದಾಗ ಒಳಗಿನ ಗಾಳಿ ಕಾದು ಹಿಗ್ಗತ್ತೆ, ಆರಿಸಿದಾಗ ಕುಗ್ಗಿ ಹೊರಗಿನ ಗಾಳಿ ಎಳ್ಕೊಳ್ಳತ್ತೆ. ಅದಕ್ಕೇ ಹಿಂದೆ ವೆಂಟ್ ಇರತ್ತೆ: ಕೆಲವದಕ್ಕೆ ಬಗ್ಗಿದ ರಬ್ಬರ್ ಪೈಪು, ಕೆಲವದಕ್ಕೆ ಗಾಳಿ ಬಿಟ್ಟು ನೀರು ತಡೆಯೋ ತೆಳು ಪದರ. ಮಲೆನಾಡಲ್ಲಿ ಮಳೆಗಾಲದ ಗಾಳಿ ಪೂರಾ ತೇವ. ಹನಿ ಬಿದ್ದು ಲೆನ್ಸ್ (ಲೈಟಿನ ಮುಂದಿನ ಪಾರದರ್ಶಕ ಹೊದಿಕೆ) ತಣ್ಣಗಾದ ಕೂಡಲೇ ಒಳಮೈಗೆ ಮಂಜು ಕೂರತ್ತೆ. ಲೈಟ್ ಹಾಕಿ ಓಡಿಸಿದಾಗ ಹೋಗೋ ಮಂಜಿಗೆ ಯಾವ ರಿಪೇರಿನೂ ಬೇಡ. ನಿಮ್ಮದು ಹಾಗಲ್ಲ. ನೀರು ನಿಂತಿದೆ ಅಂದ್ರೆ ಎಲ್ಲೋ ದಾರಿ ಆಗಿದೆ. ಅದನ್ನ ಮುಚ್ಚದೆ ಎಷ್ಟು ಒಣಗಿಸಿದ್ರೂ ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಬಾನೆಟ್ ಎತ್ತಿ ಬಲ್ಬ್ ಹಿಂದಿನ ರಬ್ಬರ್ ಮುಚ್ಚಳ ಮೊದಲು ನೋಡಿ. ನನ್ನ ಹತ್ರ ಬರೋ ಗಾಡಿಗಳಲ್ಲಿ ಹೆಚ್ಚಿನವುಗಳ ತೊಂದರೆ ಇಲ್ಲೇ ಸಿಗತ್ತೆ. ಬಲ್ಬ್ ಬದಲಾಯಿಸಿದವರು ಸರಿಯಾಗಿ ಕೂರಿಸಿರಲ್ಲ, ಒಂದು ಕಡೆ ಅಂಚು ಒಳಗೆ ಮಡಚಿಕೊಂಡಿರತ್ತೆ. ಕಣ್ಣಿಗೆ ಕಾಣಲ್ಲ, ಸುತ್ತ ಬೆರಳಾಡಿಸಿದ್ರೆ ಗೊತ್ತಾಗತ್ತೆ. ಹಿಂದೆ ಫ್ಯಾನ್ ಇರೋ ಎಲ್‌ಇಡಿ ಬಲ್ಬ್ ಹಾಕಿಸಿ, ಮುಚ್ಚಳ ಹಿಡಿಯಲ್ಲ ಅಂತ ಬಿಟ್ಟೇಬಿಟ್ಟಿರೋದೂ ಉಂಟು. ರಬ್ಬರ್ ಬಿರುಕು ಬಿಟ್ಟಿದ್ರೆ ಅದೊಂದನ್ನೇ ಬದಲಾಯಿಸಿ ಸಾಕು. ಆಮೇಲೆ ವೆಂಟ್ ಪೈಪಿನ ಬಾಯಿ ನೋಡಿ. ಶೆಡ್ಡಲ್ಲಿ ನಿಂತ ಗಾಡಿಗೆ ಕುಂಬಾರ ಹುಳ ಅಲ್ಲಿ ಮಣ್ಣು ಮೆತ್ತಿರತ್ತೆ, ಇಲ್ಲಾ ತೋಟದ ರಸ್ತೆ ಕೆಸರು ಒಣಗಿ ಕೂತಿರತ್ತೆ.

ಪ್ರಶ್ನೆ ಕೇಳಿದವರು: ಲೈಟ್ ಬಿಚ್ಚಿ ನೋಡಿದೆ ಅಣ್ಣ. ಮುಚ್ಚಳ, ಪೈಪು ಎರಡೂ ಸರಿ ಇದೆ. ಮೇಲಿನ ಅಂಚಲ್ಲಿ ಲೆನ್ಸ್ ಮತ್ತೆ ಕಪ್ಪು ಪ್ಲಾಸ್ಟಿಕ್ ಸೇರೋ ಕಡೆ ಅಂಟು ಬಿಟ್ಟಂಗಿದೆ. ಬಿಸಿಲಂತೂ ಇಲ್ಲ. ಬಚ್ಚಲ ಒಲೆ ಹತ್ರ, ಬಟ್ಟೆ ಒಣಗಿಸೋ ಗಳಕ್ಕೆ ತೂಗು ಹಾಕ್ಲಾ?

ಉತ್ತರ: ಬೇಡ ಮಾರಾಯ್ರೆ! ಈಗಿನ ಲೆನ್ಸ್ ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಒಲೆ ಕಾವಿಗೆ ಸೊಟ್ಟಗಾದ್ರೆ ಮತ್ತೆ ಕೂರಲ್ಲ, ಒಳಗೆ ಹೊಗೆ ಹೋದ್ರೆ ತೆಗೆಯೋಕಾಗಲ್ಲ. ಬಲ್ಬ್ ತೆಗೆದು, ಲೈಟ್ ವಾಲಿಸಿ ನೀರು ಪೂರ್ತಿ ಬಸೀರಿ. ಆಮೇಲೆ ಹೇರ್ ಡ್ರೈಯರ್ ಕಮ್ಮಿ ಬಿಸಿಗೆ ಇಟ್ಟು, ಒಂದು ಗೇಣು ದೂರದಿಂದ ಬಲ್ಬಿನ ತೂತೊಳಗೆ ಬಿಟ್ಟುಬಿಟ್ಟು ಊದಿ. ರಾತ್ರಿಯಿಡೀ ಫ್ಯಾನ್ ಮುಂದೆ ಇಡಿ. ಒಳಗಿನ ಹೊಳೆಯೋ ಬಟ್ಟಲನ್ನ ಬಟ್ಟೆಯಿಂದ ಒರೆಸಬೇಡಿ. ಅದು ಬರೀ ಅಲ್ಯೂಮಿನಿಯಂ ಲೇಪ, ಉಜ್ಜಿದ್ರೆ ಎದ್ದುಬರತ್ತೆ, ಲೈಟ್ ಶಾಶ್ವತವಾಗಿ ಮಂಕು. ಸಿಲಿಕಾ ಜೆಲ್ ಪೊಟ್ಟಣ ಒಳಗೆ ಬಿಡೋದೂ ಬೇಡ, ತೇವ ಕುಡಿದು ತುಂಬಿದ ಮೇಲೆ ಅದರಿಂದ ಪ್ರಯೋಜನ ಇಲ್ಲ.

ಅಂಟು ಬಿಟ್ಟ ಜಾಗ ಖಚಿತ ಮಾಡ್ಕೊಳ್ಳಿ. ಉಳಿದ ತೂತು ಮುಚ್ಚಿ, ಅಂಚಿಗೆ ಸೋಪಿನ ನೀರು ಸವರಿ, ವೆಂಟ್ ಪೈಪಲ್ಲಿ ಬಾಯಿಂದ ಮೆಲ್ಲಗೆ ಊದಿ. ಗುಳ್ಳೆ ಎದ್ದ ಕಡೆ ಸೋರಿಕೆ. ಅಲ್ಲಿ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಸಿಲಿಕೋನ್ ಸೀಲಂಟ್ (ಸಂದು ಮುಚ್ಚೋ ಅಂಟು) ಹಾಕಿ, ಒಂದು ದಿನ ಮುಟ್ಟಬೇಡಿ. ಅಂಗಡಿಯಲ್ಲಿ ‘ನ್ಯೂಟ್ರಲ್’ ಅಂತ ಕೇಳಿ ತಗೊಳ್ಳಿ. ವಿನೆಗರ್ ವಾಸನೆ ಬರೋ ಥರದ್ದು ಆ ಹೊಳಪಿನ ಲೇಪವನ್ನ ಹಾಳು ಮಾಡತ್ತೆ. ವೆಂಟ್‌ಗೆ ಮಾತ್ರ ಸೀಲಂಟ್ ತಾಗಿಸಬೇಡಿ.

ವಾಪಸ್ ಕೂರಿಸುವಾಗ ಬಲ್ಬಿನ ಗಾಜು ಬೆರಳಿಂದ ಮುಟ್ಟಬೇಡಿ. ಕನೆಕ್ಟರ್ ಹಸಿರುಗಟ್ಟಿದ್ರೆ ಕ್ಲೀನ್ ಮಾಡಿ. ನಿಮ್ಮದು ಎಚ್4 ಬಲ್ಬ್ (ಹೈ ಬೀಮ್, ಲೋ ಬೀಮ್ ಎರಡೂ ಒಂದರಲ್ಲೇ ಇರೋದು) ಆಗಿದ್ರೆ 60/55 ವ್ಯಾಟಿಂದೇ ಇರಲಿ. ಬೆಳಕು ಸಾಲಲ್ಲ ಅಂತ 100 ವ್ಯಾಟ್ ಹಾಕಿದ್ರೆ ಹೋಲ್ಡರ್ ಕರಗತ್ತೆ. ಕೊನೆಗೆ ಗೋಡೆ ಎದುರು ನಿಲ್ಲಿಸಿ, ಎರಡೂ ಕಡೆ ಬೆಳಕು ಒಂದೇ ಎತ್ತರಕ್ಕೆ ಬೀಳತ್ತಾ ನೋಡಿ. ಅಲ್ಲೀವರೆಗೆ ರಾತ್ರಿ ಘಾಟಿ ಇಳಿಬೇಡಿ. ನಿಂತ ನೀರು ಬೆಳಕನ್ನ ಚದುರಿಸತ್ತೆ, ನಿಮಗೂ ಕಾಣಲ್ಲ, ಎದುರಿಂದ ಬರೋರ ಕಣ್ಣಿಗೂ ಕುಕ್ಕತ್ತೆ.

ಇನ್ನೊಬ್ಬರು (ತೀರ್ಥಹಳ್ಳಿಯಿಂದ): ನಮ್ಮದು ಹೊಸ ಗಾಡಿ, ಎಲ್‌ಇಡಿ ಹೆಡ್‌ಲೈಟ್. ಆಗುಂಬೆ ಕಡೆ ಹೋಗಿಬಂದ್ರೆ ಮಂಜು ಬೇಗ ಹೋಗಲ್ಲ. ನಾನೂ ಬಿಚ್ಚಬೇಕಾ?

ಉತ್ತರ: ನೀವು ಬಿಚ್ಚಲೇಬೇಡಿ, ವಾರಂಟಿ ಹೋಗತ್ತೆ. ಎಲ್‌ಇಡಿ ತನ್ನ ಬಿಸಿಯನ್ನ ಹಿಂದಕ್ಕೆ ಬಿಡತ್ತೆ, ಲೆನ್ಸಿಗೆ ಹ್ಯಾಲೊಜನ್ನಿನಷ್ಟು ಕಾವು ತಾಗಲ್ಲ, ಹಾಗಾಗಿ ನಿಧಾನ. ಆದ್ರೆ ಹನಿ ಕೆಳಗಿಳಿದು ಸೇರ್ತಾ ಇದ್ರೆ, ಮರುದಿನವೂ ಹಾಗೇ ಇದ್ರೆ, ಆಗಲೇ ವಿಡಿಯೋ ಮಾಡಿಟ್ಕೊಳ್ಳಿ. ಸರ್ವಿಸ್ ಸೆಂಟರಿಗೆ ಹೋಗೋ ಹೊತ್ತಿಗೆ ಒಣಗಿದ್ರೆ ಅವರು ಒಪ್ಪಲ್ಲ. ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಶರ್ ಗನ್ನು ಲೈಟಿನ ಅಂಚಿಗೆ, ಬಾನೆಟ್ ಒಳಗಿಂದ ಲೈಟಿನ ಹಿಂಭಾಗಕ್ಕೆ ಹಿಡಿಯೋದು ಬೇಡ ಅಂತ ಹುಡುಗರಿಗೆ ಹೇಳಿ.