ಮೊಲದ ಮರಿ ತಂದವರ ಭಾನುವಾರದ ಪ್ರಶ್ನೋತ್ತರ

ನಿರ್ವಾಹಕರು: ಇಂದು ಸಂಜೆ ನಾಲ್ಕರಿಂದ ಆರರವರೆಗೆ ನಮ್ಮ ಗುಂಪಿನ ಪಶುವೈದ್ಯೆ ಮೊಲದ ಮರಿಗಳ ಆರೈಕೆಯ ಬಗ್ಗೆ ಉತ್ತರಿಸುತ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಸಂದೇಶಗಳನ್ನು ದಯವಿಟ್ಟು ಹಾಕಬೇಡಿ.

ಬಿಳಿಮೊಲ: ನಮಸ್ತೆ ಮೇಡಂ. ಮಗಳ ಹುಟ್ಟುಹಬ್ಬಕ್ಕೆ ಎರಡು ತಿಂಗಳ ಮರಿ ತಂದಿದ್ದೇವೆ. ದಿನಕ್ಕೆ ಎಷ್ಟು ಕ್ಯಾರೆಟ್ ಕೊಡಬೇಕು?

ಡಾಕ್ಟರ್: ನಮಸ್ತೆ. ಸದ್ಯಕ್ಕೆ ಒಂದೂ ಬೇಡ. ಮೊಲಕ್ಕೆ ಕ್ಯಾರೆಟ್ ಮಿಠಾಯಿ ಇದ್ದಂತೆ, ಊಟವೆಂದರೆ ಹುಲ್ಲು. ಹಗಲೂ ರಾತ್ರಿಯೂ ಎದುರಿಗೆ ಒಣಹುಲ್ಲು ಇರಬೇಕು. ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಹುಲ್ಲು ಅಗಿದರಷ್ಟೇ ಸವೆಯುತ್ತದೆ. ಬೆಳೆಯುವ ಮರಿಗೆ ಲೂಸರ್ನ್ (ಕುದುರೆ ಮೆಂತ್ಯ) ಎಂಬ ಮೇವಿನ ಸೊಪ್ಪನ್ನು ಒಣಗಿಸಿ ಕೊಡಬಹುದು. ಆರು ತಿಂಗಳು ದಾಟಿದ ಮೇಲೆ ಕಡಿಮೆ ಮಾಡುತ್ತಾ ಬಿಡಿಸಿ, ಕ್ಯಾಲ್ಸಿಯಂ ಅತಿಯಾಗುತ್ತದೆ. ಗರಿಕೆ ಸಿಕ್ಕರೆ ತೊಳೆದು ನೆರಳಿನಲ್ಲಿ ಒಣಗಿಸಿಡಿ. ಭತ್ತದ ಹುಲ್ಲು ಹಾಸಲು ಸರಿ, ಹೊಟ್ಟೆಗೆ ಸಾಲದು. ಮೊದಲ ವಾರ ಅಂಗಡಿಯಲ್ಲಿ ತಿನ್ನುತ್ತಿದ್ದುದನ್ನೇ ಮುಂದುವರಿಸಿ, ಆಮೇಲೆ ನಿಧಾನವಾಗಿ ಬದಲಿಸಿ.

ಅಜ್ಜಿ ಮದ್ದು: ಎಲ್ಲರ ಉಪಯೋಗಕ್ಕೆ: ಮೊಲಕ್ಕೆ ನೀರು ಕುಡಿಸಬಾರದು, ಸೊಪ್ಪಿನಲ್ಲಿರುವ ನೀರೇ ಸಾಕು. ಕುಡಿಸಿದರೆ ಹೊಟ್ಟೆ ಉಬ್ಬಿ ಸಾಯುತ್ತದೆ. ಹತ್ತು ಜನರಿಗೆ ಕಳುಹಿಸಿ.

ಡಾಕ್ಟರ್: ಯಾರಿಗೂ ಕಳುಹಿಸಬೇಡಿ. ಒಣಹುಲ್ಲು ತಿನ್ನುವ ಪ್ರಾಣಿಗೆ ನೀರಿಲ್ಲದಿದ್ದರೆ ಕರುಳೇ ನಿಂತುಹೋಗುತ್ತದೆ. ಭಾರದ ಬಟ್ಟಲಿನಲ್ಲಿ ಸದಾ ನೀರಿಡಿ.

ಚಿನ್ನುವಿನ ಅಮ್ಮ: ಮೇಡಂ, ನಮ್ಮದು ಸಂತೆಯಲ್ಲಿ ತಂದ ಮರಿ. ಒಂದೂವರೆ ತಿಂಗಳಾಗಿದೆ ಎಂದರು, ಆದರೆ ನನ್ನ ಅಂಗೈಯಲ್ಲಿ ಕೂರುತ್ತದೆ. ಮೂರು ದಿನದಿಂದ ಹಸುವಿನ ಹಾಲು, ಬಿಸ್ಕತ್ತು ಕೊಡುತ್ತಿದ್ದೇವೆ. ನಿನ್ನೆಯಿಂದ ಭೇದಿ. ಮಗನ ಗಂಟಲು ನೋವಿಗೆ ತಂದಿದ್ದ ಅಮಾಕ್ಸಿಸಿಲಿನ್ ಸಿರಪ್ ಉಳಿದಿತ್ತು, ಬೆಳಿಗ್ಗೆ ಎರಡು ಹನಿ ಹಾಕಿದೆ. ಸರಿಹೋಗುತ್ತದೆಯೇ?

ಡಾಕ್ಟರ್: ಆ ಸಿರಪ್ ಇನ್ನು ಒಂದು ಹನಿಯೂ ಬೇಡ. ಹಾಲು, ಬಿಸ್ಕತ್ತು ಕೂಡಲೇ ನಿಲ್ಲಿಸಿ. ಇಂದೇ, ಭಾನುವಾರವಾದರೂ ಸರಿ, ಪಶುವೈದ್ಯರು ಎಲ್ಲಿ ಸಿಗುತ್ತಾರೋ ಅಲ್ಲಿಗೆ ಹೊರಡಿ. ಸಿರಪ್ ಬಾಟಲಿಯನ್ನೂ ಒಯ್ದು ತೋರಿಸಿ, ನಾಚಿಕೆಪಟ್ಟು ಮುಚ್ಚಿಡಬೇಡಿ.

ನಿಮಗೆ ಗಾಬರಿ ಹುಟ್ಟಿಸಲು ಹೇಳುತ್ತಿಲ್ಲ, ಕಾರಣ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಮೇವನ್ನು ಹುದುಗಿಸುವ ಕೆಲಸ ದನಕ್ಕೆ ಹೊಟ್ಟೆಯ ಮುಂಭಾಗದ ಚೀಲದಲ್ಲಿ ನಡೆಯುತ್ತದೆ. ಮೊಲಕ್ಕೆ ಅದೇ ಕೆಲಸ ಕರುಳಿನ ಹಿಂಭಾಗದ ದೊಡ್ಡ ಚೀಲದಲ್ಲಿ. ಅಲ್ಲಿರುವ ಸೂಕ್ಷ್ಮಜೀವಿಗಳೇ ಅದರ ಅಡುಗೆಯವರು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್‌ನಂಥ ಆಂಟಿಬಯೋಟಿಕ್ ಬಾಯಿಗೆ ಹಾಕಿದರೆ ಆ ಅಡುಗೆಯವರು ಸಾಯುತ್ತಾರೆ, ಅವರ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಉಗುಳುತ್ತದೆ. ಮನುಷ್ಯರ ಮಗುವಿಗೆ ಒಳ್ಳೆಯ ಔಷಧ ಇದಕ್ಕೆ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಹುದು. ಮೊಲಕ್ಕೆ ವಾಂತಿಯೂ ಬರುವುದಿಲ್ಲ. ಒಳಗೆ ಹೋದದ್ದು ಒಳಗೇ.

ಎರಡನೆಯದು ವಯಸ್ಸು. ಅಂಗೈಯಲ್ಲಿ ಕೂರುತ್ತದೆ ಎಂದರೆ ನನಗೆ ಮೂರು ವಾರದ ಮರಿಯೆಂಬ ಅನುಮಾನ. ಮೊಲದ ಮರಿ ಹತ್ತು-ಹನ್ನೆರಡನೇ ದಿನಕ್ಕೆ ಕಣ್ಣು ಬಿಡುತ್ತದೆ, ಮೂರನೇ ವಾರದಲ್ಲಿ ಹುಲ್ಲು ಕಚ್ಚಲು ಕಲಿಯುತ್ತದೆ, ಎಂಟು ವಾರದವರೆಗೆ ತಾಯಿಯ ಜೊತೆಗಿರಬೇಕು. ಮುದ್ದಾಗಿ ಕಂಡರೆ ಬೇಗ ಮಾರಾಟವಾಗುತ್ತದೆ ಎಂದು ಮಾರುವವರು ಮೊದಲೇ ಅಗಲಿಸುತ್ತಾರೆ.

ಹೊರಡುವ ಮೊದಲು ಕಿವಿ ಮುಟ್ಟಿ ನೋಡಿ. ತಣ್ಣಗಿದ್ದರೆ ಏನನ್ನೂ ಕುಡಿಸಬೇಡಿ, ಮೊದಲು ಬೆಚ್ಚಗಾಗಲಿ. ಉಗುರುಬೆಚ್ಚಗಿನ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ರಟ್ಟಿನ ಪೆಟ್ಟಿಗೆಯ ಒಂದು ಮೂಲೆಯಲ್ಲಿಡಿ. ಸೆಕೆಯಾದರೆ ಮರಿ ಸರಿದುಕೊಳ್ಳಲು ಇನ್ನೊಂದು ಮೂಲೆ ಖಾಲಿ ಇರಲಿ. ಡಾಕ್ಟರು ನೋಡಿದ ಮೇಲೆ ಹಾಲು ಬೇಕೆಂದರೆ ಬೆಕ್ಕಿನ ಮರಿಗೆಂದು ಸಿಗುವ ಹಾಲಿನ ಪುಡಿ, ಇಲ್ಲವೇ ಮೇಕೆ ಹಾಲು. ದಿನಕ್ಕೆ ಎರಡು ಬಾರಿ, ಈ ವಯಸ್ಸಿಗೆ ಒಂದು ಸಲಕ್ಕೆ ಹೆಚ್ಚೆಂದರೆ 15 ಮಿ.ಲೀ. ಸೂಜಿ ತೆಗೆದ ಸಿರಿಂಜಿನಲ್ಲಿ, ಬಾಯಿಯ ಪಕ್ಕದಿಂದ, ಹನಿ ಹನಿಯಾಗಿ. ಮರಿ ತನ್ನ ಕಾಲ ಮೇಲೆ ಕೂತಿರಬೇಕು. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ.

ಚಿನ್ನುವಿನ ಅಮ್ಮ: ಕಿವಿ ತಣ್ಣಗಿದೆ ಮೇಡಂ. ಬಾಟಲಿ ಇಟ್ಟಿದ್ದೇನೆ. ಯಜಮಾನರು ಸ್ಕೂಟರ್ ತೆಗೆಯುತ್ತಿದ್ದಾರೆ.

ನಾಗರಬಾವಿ ಬಾಲ್ಕನಿ: ಮೇಡಂ, ನಮ್ಮ ಮರಿ ಬೆಳಗಿನ ಜಾವ ತನ್ನ ಹಿಕ್ಕೆಯನ್ನೇ ತಿನ್ನುತ್ತದೆ. ಅಸಹ್ಯವಾಗುತ್ತದೆ. ಬಿಡಿಸುವುದು ಹೇಗೆ?

ಡಾಕ್ಟರ್: ಬಿಡಿಸಬೇಡಿ. ಅದು ಬೇರೆಯೇ ಹಿಕ್ಕೆ, ಮೆತ್ತಗೆ ಗೊಂಚಲಾಗಿರುತ್ತದೆ. ಜೀವಸತ್ವ ಅದರಲ್ಲಿದೆ. ನೀವು ಅತ್ತ ನೋಡದಿದ್ದರಾಯಿತು.

ಅಜ್ಜಿ ಮದ್ದು: ಭೇದಿಗೆ ಜೇನುತುಪ್ಪದಲ್ಲಿ ಜಾಯಿಕಾಯಿ ತೇದು ನೆಕ್ಕಿಸಿ. ನಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಇದೇ.

ಡಾಕ್ಟರ್: ನಾಲ್ಕು ತಲೆಮಾರು ಮನುಷ್ಯರದ್ದೋ ಮೊಲದ್ದೋ? ಕೆಟ್ಟ ಕರುಳಿಗೆ ಸಕ್ಕರೆ ಬೀಳಬಾರದು. ಕೇಳಬೇಡಿ ಇವರನ್ನು.

ಕೋಲಾರದ ಹುಡುಗ: ಹಿಪ್ಪುನೇರಳೆ ಸೊಪ್ಪು ಕೊಡಬಹುದೇ? ನಮ್ಮಲ್ಲಿ ಬೇಕಾದಷ್ಟಿದೆ.

ಡಾಕ್ಟರ್: ಒಳ್ಳೆಯ ಸೊಪ್ಪು. ತೋಟಕ್ಕೆ ಔಷಧ ಹೊಡೆದಿಲ್ಲ ಎಂದು ಖಾತ್ರಿಯಿದ್ದರೆ ಮಾತ್ರ, ಮೂರು ತಿಂಗಳು ದಾಟಿದ ಮೇಲೆ, ಒಂದೆರಡು ಎಲೆಯಿಂದ ಶುರುಮಾಡಿ.

ಇಬ್ಬರು ಹೆಣ್ಣುಮಕ್ಕಳು: ಎರಡೂ ಹೆಣ್ಣೆಂದು ಕೊಟ್ಟಿದ್ದಾರೆ. ಫೋಟೋ ನೋಡಿ ಹೇಳುತ್ತೀರಾ?

ಬಿಳಿಮೊಲ: ವಾರಕ್ಕೊಂದು ಕ್ಯಾರೆಟ್?

ಡಾಕ್ಟರ್: ಮೇಲೆ ಹೇಳಿದ್ದೇನೆ.

ತೋಟದ ಮನೆ: ಇಷ್ಟು ಚಿಂತೆ ಯಾಕೆ? ನಮ್ಮಲ್ಲಿ ನಲವತ್ತು ಮೊಲಗಳಿವೆ, ಬೂಸಾ ಹಾಕುತ್ತೇವೆ, ತೂಕ ಬಂದ ಮೇಲೆ ಮಾಂಸಕ್ಕೆ ಕೊಡುತ್ತೇವೆ. ಒಂದೂ ಆಸ್ಪತ್ರೆ ನೋಡಿಲ್ಲ.

ನಾಗರಬಾವಿ ಬಾಲ್ಕನಿ: ಇದು ಸಾಕುವವರ ಗುಂಪು. ಇಲ್ಲಿ ಬಂದು ಮಾಂಸದ ಮಾತು ಬೇಕಿತ್ತೇ?

ತೋಟದ ಮನೆ: ನಾನೂ ಸಾಕುವವನೇ. ನೀವು ಬಾಲ್ಕನಿಯಲ್ಲಿ ಒಂದನ್ನು ಬಿಸಿಲಿಗೆ ಬೇಯಿಸುತ್ತೀರಿ, ನಾನು ನೆರಳಿನಲ್ಲಿ ನಲವತ್ತನ್ನು ಸಾಕುತ್ತೇನೆ.

ನಾಗರಬಾವಿ ಬಾಲ್ಕನಿ: ನಿರ್ವಾಹಕರೇ, ಇವರನ್ನು ತೆಗೆಯಿರಿ.

ಡಾಕ್ಟರ್: ಬಿಸಿಲಿನ ಮಾತು ಮಾತ್ರ ಸರಿಯಾಗಿದೆ. ಮೊಲ ಬೆವರುವುದಿಲ್ಲ, ಕಿವಿಯಿಂದಲೇ ಶಾಖ ಬಿಡಬೇಕು. ಮೂವತ್ತು ಡಿಗ್ರಿ ದಾಟಿದರೆ ಅದಕ್ಕೆ ಅಪಾಯ. ಮೇಡಂ, ಬಾಲ್ಕನಿಯಿಂದ ಒಳಗೆ ತನ್ನಿ.

ಗುಬ್ಬಿ ಮೇಷ್ಟರು: ಹುರುಳಿ ಹೊಲದಲ್ಲಿ ನಿನ್ನೆ ಸಂಜೆ ಒಂಟಿ ಮರಿ ಸಿಕ್ಕಿತು. ತಾಯಿ ಬಿಟ್ಟುಹೋಗಿದೆ. ಕಂದು ಬಣ್ಣ, ಕಣ್ಣು ಬಿಟ್ಟಿದೆ. ಫೋಟೋ ಹಾಕಿದ್ದೇನೆ. ಏನು ತಿನ್ನಿಸಲಿ?

ಡಾಕ್ಟರ್: ಏನೂ ಬೇಡ. ಮೇಷ್ಟ್ರೇ, ಇದು ಸಾಕು ಮೊಲವಲ್ಲ, ನಮ್ಮ ಕಾಡುಮೊಲ. ಸಾಕು ಮೊಲದ ಮರಿ ಬೆತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು, ಬಿಲದಲ್ಲಿ ಹುಟ್ಟುತ್ತದೆ. ಕಾಡುಮೊಲ ಬಿಲ ತೋಡುವುದಿಲ್ಲ. ಮರಿ ತುಪ್ಪಳ ಹೊತ್ತು, ಕಣ್ಣು ಬಿಟ್ಟುಕೊಂಡೇ ನೆಲದ ಮೇಲೆ ಹುಟ್ಟುತ್ತದೆ. ಕತ್ತಿನ ಹಿಂದಿನ ಆ ಕಪ್ಪು ಛಾಯೆ ನೋಡಿ. ತಾಯಿ ಬಿಟ್ಟುಹೋಗಿಲ್ಲ. ಶತ್ರುಗಳಿಗೆ ಸುಳಿವು ಸಿಗದಿರಲೆಂದು ಹಗಲೆಲ್ಲ ದೂರವಿದ್ದು, ಕತ್ತಲಾದ ಮೇಲೆ ಬಂದು ಕೆಲವೇ ನಿಮಿಷ ಹಾಲೂಡಿಸಿ ಹೋಗುತ್ತದೆ. ನಿನ್ನೆ ರಾತ್ರಿ ಬಂದು ಹುಡುಕಿರಬೇಕು. ಸೂರ್ಯ ಮುಳುಗುವ ಮೊದಲು ಸಿಕ್ಕಿದ ಜಾಗದಲ್ಲೇ ಬಿಟ್ಟು ಬನ್ನಿ. ಮನುಷ್ಯರ ವಾಸನೆಗೆ ತಾಯಿ ಸೇರಿಸುವುದಿಲ್ಲ ಎನ್ನುವುದು ಕಟ್ಟುಕತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವೂ ಹೌದು.

ಗುಬ್ಬಿ ಮೇಷ್ಟರು: ಮೂವತ್ತು ವರ್ಷ ಪಾಠ ಮಾಡಿದ್ದೇನೆ ತಾಯಿ, ಮೊಲ ಯಾವುದೆಂದು ನನಗೆ ಗೊತ್ತು. ಇದು ಯಾರದೋ ಮನೆಯಿಂದ ತಪ್ಪಿಸಿಕೊಂಡದ್ದು.

ಕೋಲಾರದ ಹುಡುಗ: ಮೇಷ್ಟ್ರು ಹಿಡಿದ ಮೊಲಕ್ಕೆ ಮೂರೇ ಕಾಲು!

ಗುಬ್ಬಿ ಮೇಷ್ಟರು: ದೊಡ್ಡವರೊಂದಿಗೆ ಮಾತನಾಡುವುದನ್ನು ಮೊದಲು ಕಲಿ.

ಡಾಕ್ಟರ್: ಮೇಷ್ಟ್ರೇ, ಐದೂವರೆ ಆಯಿತು. ಹೊಲಕ್ಕೆ ಹೊರಡಿ. ನಾಯಿಯನ್ನು ಕಟ್ಟಿಹಾಕಿ.

ಹೊಸ ಸದಸ್ಯ: ಕೂದಲು ಉದುರಿ ಮೂಗಿನ ಮೇಲೆ ಹೊಪ್ಪಳೆ. ಬೇವಿನೆಣ್ಣೆ ಹಚ್ಚಬಹುದೇ? ನಾಯಿಯ ಉಣ್ಣೆಗೆ ತಂದ ಫಿಪ್ರೋನಿಲ್ ಹನಿಯೂ ಇದೆ.

ಡಾಕ್ಟರ್: ಫಿಪ್ರೋನಿಲ್ ಮೊಲಕ್ಕೆ ವಿಷ. ಎಣ್ಣೆ ಹಚ್ಚಿದರೆ ನೆಕ್ಕುತ್ತದೆ. ಕಜ್ಜಿ ಹುಳದ ಹಾಗೆ ಕಾಣುತ್ತದೆ, ಇಂಜೆಕ್ಷನ್‌ಗೆ ವಾಸಿಯಾಗುತ್ತದೆ. ತೋರಿಸಿ.

ಅಜ್ಜಿ ಮದ್ದು: ಎಲ್ಲದಕ್ಕೂ ತೋರಿಸಿ ತೋರಿಸಿ. ಡಾಕ್ಟರರಿಗೆ ಫೀಸು ಬೇಕಲ್ಲವೇ.

ಡಾಕ್ಟರ್: ಎರಡು ಗಂಟೆಗಳ ಕಾಲದಿಂದ ಪುಕ್ಕಟೆ ಬರೆಯುತ್ತಿದ್ದೇನೆ. ಇಲ್ಲಿಗೆ ಸಾಕು.

ಇಬ್ಬರು ಹೆಣ್ಣುಮಕ್ಕಳು: ಮೇಡಂ, ನಮ್ಮ ಫೋಟೋ?

*ಸೋಮವಾರ, ಬೆಳಿಗ್ಗೆ*

ಗುಬ್ಬಿ ಮೇಷ್ಟರು: ಬಿಟ್ಟು ಬಂದೆ. ಬೆಳಿಗ್ಗೆ ಹೋಗಿ ನೋಡಿದರೆ ಆ ಜಾಗದಲ್ಲಿ ಇಲ್ಲ. ತಾಯಿ ಒಯ್ದಿತೋ ನರಿ ಒಯ್ದಿತೋ ನೀವೇ ಹೇಳಿ.

ಚಿನ್ನುವಿನ ಅಮ್ಮ: ಮೇಡಂ, ನಿನ್ನೆ ಅಲ್ಲಿ ಚರ್ಮದಡಿಗೆ ನೀರು ಏರಿಸಿದರು. ಮೂರು ವಾರದ್ದೇ ಎಂದರು. ರಾತ್ರಿಯಿಡೀ ಬಾಟಲಿ ಬದಲಿಸಿದ್ದೇನೆ. ಕಿವಿ ಈಗ ಬೆಚ್ಚಗಿದೆ. ಮೇಕೆ ಹಾಲು ಎರಡು ಮಿ.ಲೀ.ಗಿಂತ ಹೆಚ್ಚು ಕುಡಿಯಲಿಲ್ಲ. ಆದರೆ ಗರಿಕೆಯ ಒಂದು ಎಳೆಯನ್ನು ಬಾಯಲ್ಲಿ ಹಿಡಿದು ಕೂತಿದೆ.

ಡಾಕ್ಟರ್: ಅಗಿಯುತ್ತಿದೆಯೋ, ಸುಮ್ಮನೆ ಹಿಡಿದಿದೆಯೋ? ವಿಡಿಯೊ ಕಳುಹಿಸಿ.

ತೋಟದ ಮನೆ: ನನ್ನನ್ನು ತೆಗೆಯಿರಿ ಎಂದವರು ಯಾರು, ಮೊದಲು ಅದು ತೀರ್ಮಾನವಾಗಲಿ.

ಚಿನ್ನುವಿನ ಅಮ್ಮ: ಕಳುಹಿಸಿದ್ದೇನೆ.

ಡಾಕ್ಟರ್: ಎಳೆ ಒಳಗೆ ಹೋಗುತ್ತಿದೆ. ಇನ್ನೂ ಒಂದು ಹಿಡಿ ಹುಲ್ಲು ಹಾಕಿ, ಆ ಕೋಣೆಯಿಂದ ಹೊರಗೆ ಬನ್ನಿ.