ಹೂಂ ಅಂದವರು ಎಷ್ಟು, ಬೇಡ ಅಂದದ್ದು ಯಾಕೆ

ಭಾನುವಾರ ಬೆಳಿಗ್ಗೆ ಬ್ರಹ್ಮಾವರದ ಭಾವ ನಮ್ಮ ಕುಟುಂಬದ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. "ಇಂಟರ್ನೆಟ್ ನಡೆಸುವ ಇಂಜಿನಿಯರುಗಳು ಓಟು ನಿಷೇಧ ಮಾಡಿದ್ದಾರೆ! ಬಾಯಿ ಮುಚ್ಚಿ ಹೂಂ ಅಂತಾರೆ, ಅಷ್ಟಕ್ಕೇ ತೀರ್ಮಾನ!" ಕೆಳಗೆ ಭಾವನದೇ ಒಂದು ಸಾಲು: "ನಮ್ಮ ಬೋರ್‌ವೆಲ್ ಪೋಲ್‌ಗಿಂತ ಇದೇ ವಾಸಿ."

ಫಾರ್ವರ್ಡನ್ನು ಯಾರೂ ಪೂರ್ತಿ ಓದಲಿಲ್ಲ. ಎಲ್ಲರೂ ಓದಿದ್ದು ಆ ಕೊನೆಯ ಸಾಲನ್ನು. ತರವಾಡು ಮನೆಗೆ, ಅಂದರೆ ನಮ್ಮ ಕುಟುಂಬದ ಮೂಲ ಮನೆಗೆ, ಬೋರ್‌ವೆಲ್ ಬೇಕಾ ಅಂತ ಡಿಸೆಂಬರಿನಲ್ಲಿ ಸುರತ್ಕಲ್ ಚಿಕ್ಕಪ್ಪ ಇದೇ ಗುಂಪಿನಲ್ಲಿ ಪೋಲ್ ಹಾಕಿದ್ದರು.

ಸುರತ್ಕಲ್ ಚಿಕ್ಕಪ್ಪ: ಸೋರ್ಸ್ ಎಲ್ಲಿ? ಯಾರು ಹೇಳಿದ್ದು, ಯಾವಾಗ ಹೇಳಿದ್ದು? ಸುಮ್ನೆ ಬಂದದ್ದನ್ನೆಲ್ಲ ಇಲ್ಲಿ ಹಾಕಬೇಡಿ.

ದೊಡ್ಡಪ್ಪ: ಹಿರಿಯರ ಮಾತಿಗೆ ಬೆಲೆ ಇಲ್ಲದ ಮನೆಯಲ್ಲಿ ಓಟು ಬೇಕಾಗುತ್ತದೆ. ನನ್ನ ಅಪ್ಪ ಚಾವಡಿಯಲ್ಲಿ ಕೂತು ಒಂದು ಮಾತು ಹೇಳಿದರೆ ಮುಗಿಯಿತು.

ಮುಂಬಯಿ ಅಕ್ಕ: ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟಬೇಕಿತ್ತು, ನೆನಪುಂಟಾ? ಹೂಂ ನಿಂತರೆ ನಿದ್ದೆ ಬಂತು ಅಂತ ಅವರಿಗೆ ಗೊತ್ತಾಗುತ್ತಿತ್ತು. ಮತ್ತೆ ಆ ಹಲಸಿನ ಹಪ್ಪಳ!

ಹಪ್ಪಳದ ಮೇಲೆ ಸುಮಾರು ಇಪ್ಪತ್ತು ಮೆಸೇಜ್ ಬಂದವು. ನನಗೆ ಸುಮ್ಮನಿರಲು ಆಗಲಿಲ್ಲ. ನಾನು ಮಂಗಳೂರಿನಲ್ಲಿ ಕೂತು ಆ ಇಂಜಿನಿಯರುಗಳ ಸಭೆಗಳನ್ನು ಆನ್‌ಲೈನ್‌ನಲ್ಲಿ ನೋಡುವವನು. ಹಾಗಾಗಿ ಉದ್ದವಾಗಿಯೇ ಬರೆದೆ.

ಚಿಕ್ಕಪ್ಪಾ, ಅದು ಐಇಟಿಎಫ್ ಅನ್ನುವ ಇಂಜಿನಿಯರುಗಳ ಬಳಗ. ಅವರು ಇಂಟರ್ನೆಟ್ ನಡೆಸುವುದಿಲ್ಲ, ಅದರ ತಾಂತ್ರಿಕ ನಿಯಮ ಬರೆಯುತ್ತಾರೆ. ರಾಜರೂ ಬೇಡ, ಅಧ್ಯಕ್ಷರೂ ಬೇಡ, ಓಟೂ ಬೇಡ ಅಂತ 1992ರಲ್ಲಿ ಅವರಲ್ಲೇ ಒಬ್ಬರಾದ ಡೇವಿಡ್ ಕ್ಲಾರ್ಕ್ ಹೇಳಿದ್ದರು. ಅಲ್ಲಿ ಸದಸ್ಯತ್ವವೇ ಇಲ್ಲ, ಯಾರು ಬೇಕಾದರೂ ಬರಬಹುದು. ಹಾಗಿರುವಾಗ ಯಾರ ಓಟು ಎಣಿಸುವುದು? ಹೂಂ ಅನ್ನುವುದು ಗಾಳಿ ಯಾವ ಕಡೆಗೆ ಉಂಟು ಅಂತ ನೋಡಲಿಕ್ಕೆ ಮಾತ್ರ. ಕೊರೊನಾ ಬಂದು ಸಭೆ ಆನ್‌ಲೈನ್ ಆದ ಮೇಲೆ ಕೈ ಎತ್ತುವ ಬಟನ್ ಬಂತು. ಅದರಲ್ಲಿ ಸಂಖ್ಯೆ ಕಾಣುತ್ತದೆ, ಆದರೂ ಅದು ತೀರ್ಪಲ್ಲ. ಅವರದೇ 2014ರ ದಾಖಲೆ, ಆರ್‌ಎಫ್‌ಸಿ 7282, ಓದಿ. ನೂರು ಜನ ಬೇಕು ಅಂದು ಐದು ಜನ ಬೇಡ ಅಂದರೂ ಅದು ಒಮ್ಮತ ಆಗದೇ ಇರಬಹುದು ಅಂತ ಅದರಲ್ಲಿ ಉಂಟು. ಆ ಐದು ಜನರ ಕಾರಣಕ್ಕೆ ಉತ್ತರ ಸಿಕ್ಕಿತಾ, ಅದು ಮುಖ್ಯ.

ಚಿಕ್ಕಪ್ಪ: ಅಂದರೆ ನಾನು ಹಾಕಿದ ಪೋಲ್ ತಪ್ಪಾ? ಹದಿನೇಳು ಜನ ಬೋರ್‌ವೆಲ್ ಬೇಕು ಅಂದಿದ್ದರು. ನೀನೂ ಒತ್ತಿದ್ದೆ.

ಹೌದು, ನಾನೂ ಒತ್ತಿದ್ದೆ. ಅದಕ್ಕೇ ಇವತ್ತು ಬರೆದದ್ದು.

ಭಾವ: ರಾತ್ರಿ ಹತ್ತಕ್ಕೆ ಪೋಲ್, ಬೆಳಿಗ್ಗೆ ಆರಕ್ಕೆ ಅಡ್ವಾನ್ಸ್. ಎಂತ ಅವಸರ ಮಾರಾಯ್ರೆ?

ಚಿಕ್ಕಪ್ಪ: ನಾಗಬನದ ಲೆಕ್ಕ ಇನ್ನೂ ಕೊಡದವರು ನನಗೆ ಹೇಳುವುದು ಬೇಡ.

ದೊಡ್ಡಪ್ಪ: ಸಾಕು. ಇಬ್ಬರೂ ಸಾಕು ಮಾಡಿ.

ಎಲ್ಲರಿಗೂ ಮುಕ್ತವಾದ ಸಾಫ್ಟ್‌ವೇರ್ ಬರೆಯುವ ಅಪಾಚೆ ಬಳಗದಲ್ಲಿ ಓಟು ಉಂಟು, ಅದೂ ಬರೆದೆ. ಆದರೆ ಸಾಮಾನ್ಯವಾಗಿ ಕನಿಷ್ಠ 72 ಗಂಟೆ ತೆರೆದಿಡುತ್ತಾರೆ. ಕೋಡ್ ಬದಲಾವಣೆಗೆ ಒಬ್ಬರು ಮೈನಸ್ ಒಂದು, ಅಂದರೆ ಬೇಡ ಅಂತ, ಹಾಕಿ ಸರಿಯಾದ ತಾಂತ್ರಿಕ ಕಾರಣ ಕೊಟ್ಟರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಯಾರೂ ಓದಿದ ಹಾಗೆ ಕಾಣಲಿಲ್ಲ. ನಾಗಬನದ ಲೆಕ್ಕವೇ ಮುಂದುವರಿಯಿತು.

ನಾನು ಹಿಂದಕ್ಕೆ ಹೋಗಿ ಡಿಸೆಂಬರಿನ ಮೆಸೇಜ್ ಹುಡುಕಿದೆ. ಆ ಪೋಲ್‌ನಲ್ಲಿ ಬೇಡ ಅಂತ ಒತ್ತಿದ್ದು ಕಾಪು ಅತ್ತೆ ಒಬ್ಬರೇ. ಕಾರಣವನ್ನೂ ಬರೆದಿದ್ದರು: "ಸಮುದ್ರ ಹತ್ತಿರ. ಆಚೆ ಮನೆಯವರ ಬೋರ್‌ವೆಲ್ ಏಪ್ರಿಲ್‌ನಲ್ಲಿ ಉಪ್ಪಾಯಿತು. ಹಳೇ ಬಾವಿ ನೋಡಿ." ಅದರ ಕೆಳಗೆ ಎರಡು ಗುಡ್ ಮಾರ್ನಿಂಗ್ ಹೂವು, ಒಂದು ಹುಟ್ಟುಹಬ್ಬದ ಕೇಕ್. ಉತ್ತರ ಒಂದೂ ಇಲ್ಲ. ಈಗ ಮೇ ತಿಂಗಳು. ತರವಾಡು ಮನೆಯ ಬೋರ್‌ವೆಲ್ ನೀರಿನಲ್ಲಿ ಕಾಫಿ ಮಾಡಲು ಆಗುವುದಿಲ್ಲ.

ಆ ಮೆಸೇಜನ್ನು ಮತ್ತೆ ಗುಂಪಿಗೆ ಹಾಕಿದೆ. ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಆಮೇಲೆ ಕೇಳಿದೆ: ಮಳೆಗೆ ಮೊದಲು ಹಳೇ ಬಾವಿಯ ಹೂಳು ತೆಗೆಸೋಣವಾ? ಪೋಲ್ ಬೇಡ. ಬೇಡ ಅನ್ನುವವರು ಯಾಕೆ ಅಂತ ಬರೆಯಿರಿ, ಬುಧವಾರದವರೆಗೆ ಕಾಯುತ್ತೇನೆ.

ಚಿಕ್ಕಪ್ಪ ಖರ್ಚು ಎಷ್ಟು ಅಂತ ಕೇಳಿದರು. ಸರಿಯಾದ ಪ್ರಶ್ನೆ, ನಾಳೆ ವಿಚಾರಿಸುತ್ತೇನೆ. ಅಕ್ಕ ಬಾವಿಕಟ್ಟೆಯ ಹಳೇ ಫೋಟೋ ಹಾಕಿದಳು.

ರಾತ್ರಿ ಅತ್ತೆಯ ವಾಯ್ಸ್ ಮೆಸೇಜ್ ಬಂತು: "ಒರತೆ ಇರುವುದು ಮೂಡು ಬದಿಯಲ್ಲಿ ಮಗಾ. ಅಲ್ಲಿಂದ ಶುರು ಮಾಡಲಿಕ್ಕೆ ಹೇಳು."